ಮಣ್ಣು ನೋಡುವ ನಾಲಿಗೆ

ನರ್ಸರಿ ಮನೆ,
ಸಸಿ ಚಪ್ಪರದ ಕೆಳಗಿನ ಮೇಜಿನಿಂದ,
ಫೆಬ್ರವರಿ ೧೯, ಬುಧವಾರ

ಪ್ರೀತಿಯ ಗುಂಡಾ,

ಹೇಗಿದ್ದೀಯ ಮಗಾ? ಕೆಮ್ಮು ಕಡಿಮೆಯಾಯಿತೇ? ಆ ಹೋಟೆಲಿನವರ ಹುಲ್ಲಿಗೆ ಔಷಧಿ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಎಷ್ಟು ಸಲ ಬರೆದಿದ್ದೇನೆ. ನೀನು ಕಟ್ಟುವುದಿಲ್ಲ ಎಂದು ನನಗೆ ಗೊತ್ತು, ನಿನಗೆ ಯಾರ ಮಾತು ತಾನೇ ಹಿಡಿಸಿದೆ. ಸೊಸೆಗೆ ಸೊಂಟನೋವಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳಲು ಹೇಳು. ಮೊಮ್ಮಗಳ ಮುಂದಿನ ಹಲ್ಲು ಎರಡೂ ಬಿದ್ದಿವೆ ಎಂದು ಬರೆದಿದ್ದೀಯ, ಒಂದು ಫೋಟೋ ಕಳಿಸು, ಆ ಬೊಚ್ಚುಬಾಯಿಯ ಚೆಲುವೆಯನ್ನು ನೋಡಬೇಕು. ಇಲ್ಲಿ ನನ್ನ ಎಡಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅದೊಂದು ಬಿಟ್ಟರೆ ಚೆನ್ನಾಗಿದ್ದೇನೆ. ಇಷ್ಟು ಚೆನ್ನಾಗಿ ಹಿಂದೆಂದಾದರೂ ಇದ್ದೆನೇ ಎಂದು ಯೋಚಿಸಿದರೆ ನೆನಪಾಗುವುದಿಲ್ಲ. ನಿನ್ನ ಅಪ್ಪನೂ ಕಲ್ಲುಗುಂಡಿನ ಹಾಗಿದ್ದಾರೆ. ಹೊತ್ತುಹೊತ್ತಿಗೆ ಉಣ್ಣುತ್ತಾರೆ, ಹಾಕಿದ್ದನ್ನು ಉಣ್ಣುತ್ತಾರೆ, ಒಂದು ತಕರಾರಿಲ್ಲ. ಈ ಮಾತು ಓದಿ, ಅಮ್ಮ ಬೇರೆ ಯಾರ ಮನೆಯ ಸುದ್ದಿಯೋ ಬರೆಯುತ್ತಿದ್ದಾಳೆ ಎಂದುಕೊಂಡಿರುತ್ತೀಯ. ಮುಂದೆ ಓದು.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ನೀನು ಕೇಳಿದ್ದು ಎರಡು. ಒಂದು, ಹೋಟೆಲಿನ ಹಿಂದಿನ ಮರಳು ನೆಲಕ್ಕೆ ಸುಣ್ಣ ಹಾಕಿದ ಮೇಲೆ ಗಿಡಗಳೆಲ್ಲ ಹಳದಿಗೆ ತಿರುಗಿವೆ, ಏನು ಮಾಡಲಿ ಎಂದು. ಇನ್ನೊಂದು, ಅಪ್ಪನ ಸಿಟ್ಟು ಇಳಿದಿದೆಯೇ, ಕೆಲಸ ಬಿಟ್ಟು, ಬಾಡಿಗೆ ಮನೆ ಖಾಲಿ ಮಾಡಿ, ಹೆಂಡತಿ ಮಗಳನ್ನು ಕರೆದುಕೊಂಡು ವಾಪಸು ಬಂದು ನರ್ಸರಿ ನೋಡಿಕೊಳ್ಳಲೇ ಎಂದು. "ತಿಂಗಳ ಕೊನೆಯೊಳಗೆ ಹೇಳಮ್ಮಾ, ಹೋಟೆಲಿಗೂ ಮನೆಯವರಿಗೂ ನಾನು ಮಾತು ಕೊಡಬೇಕು, ಮಗಳ ಶಾಲೆ ಬೇರೆ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೀಯ. ಆ ಗೆರೆ ಎಳೆಯುವಾಗ ಪೆನ್ನು ಒತ್ತಿ ಕಾಗದ ಹರಿದಿದೆ. ಎರಡಕ್ಕೂ ಉತ್ತರ ಕೊಡುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಪ್ಪ ಈಗ ಎಲ್ಲಿಗೂ ಹೋಗುವುದಿಲ್ಲ, ನಾನು ಫೋನೆತ್ತಿದರೆ ಪಕ್ಕದಲ್ಲೇ ಬಂದು ಕೂರುತ್ತಾರೆ. ಹಾಗಾಗಿ ಕಾಗದವೇ ವಾಸಿ. ಮೊದಲು ಮಣ್ಣಿನ ವಿಚಾರ.

ಮರಳಿಗೆ ಬಾಯಿದೆ, ಹೊಟ್ಟೆಯಿಲ್ಲ. ನೀರು ಹಾಕಿದರೆ ಗಟಗಟ ಕುಡಿದು ಹತ್ತು ನಿಮಿಷಕ್ಕೆ ಮತ್ತೆ ಬಾಯಿ ಬಿಡುತ್ತದೆ. ಗೊಬ್ಬರ ಹಾಕಿದರೆ ಒಂದು ಮಳೆಗೆ ಎಲ್ಲ ಪಾತಾಳಕ್ಕೆ. ನಮ್ಮ ಸೀಮೆಯ ನೆಲ ಮರಳೂ ಹೌದು, ಹುಳಿಯೂ ಹೌದು. ಒಳ್ಳೆಯದನ್ನೆಲ್ಲ ಮಳೆ ತೊಳೆದುಕೊಂಡು ಹೋಗಿ ಹುಳಿಯನ್ನು ನಮಗೆ ಬಿಟ್ಟಿದೆ. ಹುಳಿಗೆ ಮದ್ದು ಸುಣ್ಣ ಎನ್ನುವುದು ದಾರಿಹೋಕನಿಗೂ ಗೊತ್ತು, ಎಷ್ಟು ಎನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಜೇಡಿಮಣ್ಣು ಒಂದು ಚೀಲ ಸುಣ್ಣ ನುಂಗಿಯೂ ಸುಮ್ಮನಿರುತ್ತದೆ, ಮರಳು ಎರಡು ಬೊಗಸೆಗೆ ಬುದ್ಧಿ ಕೆಟ್ಟು ಕೂರುತ್ತದೆ. ನಿನ್ನ ಗಿಡಗಳ ಎಲೆ ಹಳದಿ, ನರ ಮಾತ್ರ ಹಸಿರು, ಅಲ್ಲವೇ? ಅದು ರೋಗವಲ್ಲ, ಹಸಿವು. ಮಣ್ಣಿನಲ್ಲಿ ಕಬ್ಬಿಣ ಇದೆ, ಸುಣ್ಣ ಹೆಚ್ಚಾಗಿ ಬೇರಿಗೆ ದಕ್ಕುತ್ತಿಲ್ಲ. ಇನ್ನು ಸುಣ್ಣ ಮುಟ್ಟಬೇಡ, ಒಲೆಯ ಬೂದಿಯನ್ನೂ ಹಾಕಬೇಡ, ಅದೂ ಸುಣ್ಣದ ತಮ್ಮನೇ. ಕೊಳೆತ ಎಲೆಯನ್ನು ನಾಲ್ಕು ಬೆರಳು ದಪ್ಪ ಹಾಸು, ಅದೇ ಮರಳಿಗೆ ಹೊಟ್ಟೆ. ಗಂಧಕದ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ, ತಿಂಗಳಿಗೊಮ್ಮೆ. ಆರು ತಿಂಗಳು ಕಾಯಬೇಕು, ನಿನ್ನ ಸ್ವಭಾವಕ್ಕೆ ಅದು ಕಷ್ಟ. ಮುಂದಿನ ಸಲ ಹುಳಿ ನೆಲವನ್ನು ತಿದ್ದಲು ಹೋಗಬೇಡ, ಹುಳಿಯಲ್ಲೇ ಬದುಕುವ ಗಿಡ ತಂದು ನೆಡು. ಹೈಡ್ರಾಂಜಿಯಾ ಇದೆ, ಅನಾನಸಿದೆ, ಗೆಣಸಿದೆ. ಈ ಬುದ್ಧಿಯನ್ನು ನಾನು ಮದುವೆಯಾದ ವರ್ಷವೇ ಕಲಿತೆ, ನೆಲದಿಂದಲ್ಲ.

ಸೌಟು ಹಿಡಿದವಳಿಗೆ ಇಷ್ಟೆಲ್ಲ ಎಲ್ಲಿಂದ ಬಂತು ಎಂದು ನೀನು ಕೇಳಬಹುದು. ಮೂವತ್ತಾರು ವರ್ಷ ಆ ಮಹಾನುಭಾವರ ಹಿಂದೆ ನೀರಿನ ಚೊಂಬು ಹಿಡಿದು ನಡೆದಿದ್ದೇನಲ್ಲ. ನಿನಗೆ ಗೊತ್ತಿರುವುದೇ. ಗಿರಾಕಿ ತನ್ನ ಹಿತ್ತಲ ಮಣ್ಣನ್ನು ಪೊಟ್ಟಣ ಕಟ್ಟಿ ತರುತ್ತಿದ್ದ, ಇಲ್ಲವೇ ಇವರೇ ಹೋಗುತ್ತಿದ್ದರು. ಒಂದು ಚಿಟಿಕೆ ತೆಗೆದು, ಕಲ್ಲು ಆರಿಸಿ, ನಾಲಿಗೆಯ ತುದಿಗೆ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಿದ್ದರು. ಆಮೇಲೆ ಉಗುಳಿ, ನನ್ನ ಕೈಯ ಚೊಂಬು ಕಿತ್ತುಕೊಂಡು ಬಾಯಿ ಮುಕ್ಕಳಿಸಿ ತೀರ್ಪು. ಎಳೆ ಹುಳಿಯಾದರೆ ಪಾತಿಗೆ ಒಂದು ಬೊಗಸೆ ಸುಣ್ಣ, ನಡು ಹುಳಿಗೆ ಎರಡು, ಕಡು ಹುಳಿಗೆ ನಾಲ್ಕು. ಒಮ್ಮೆಯೂ ತಪ್ಪಿದ್ದಿಲ್ಲ. ಜನ ಮಣ್ಣು ಡಾಕ್ಟರು ಎಂದು ಕರೆದರು, ಇವರು ಹಾಗೇ ಬೋರ್ಡು ಬರೆಸಿದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವರು ಬಾಯನ್ನೇ ಕೆಸರು ಮಾಡಿಕೊಂಡು ಮನೆ ಕಟ್ಟಿದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಮಣ್ಣಿನ ಹುಳಿಯಲ್ಲಿ ಮೂರು ಬಗೆ ಕಂಡ ಆ ನಾಲಿಗೆ ದಿನಕ್ಕೆ ಮೂರು ಸಲ ನನ್ನ ಅಡುಗೆಯ ಮೇಲೆ ಕೂರುತ್ತಿತ್ತು ಗುಂಡಾ. ಒಂದು ಕಲ್ಲು ಉಪ್ಪು ಕಡಿಮೆಯಾದರೆ ಎರಡು ಬೆರಳಿನಲ್ಲಿ ತಟ್ಟೆಯನ್ನು ದೂರ ತಳ್ಳುವರು. ಬೈಯುವುದೂ ಇಲ್ಲ. ನಾನು ಸೌಟು ಹಿಡಿದು ನಿಂತಿರಬೇಕು, ಎಲ್ಲಿ ತಪ್ಪಿತು ಎಂದು ನಾನೇ ಹೇಳಬೇಕು. ಹೇಳಿದ್ದು ತಪ್ಪಾದರೆ ಮತ್ತೆ ಹೇಳಬೇಕು, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ನೆಂಟರಿದ್ದರೆ ಇನ್ನೂ ಹುರುಪು. "ಇವಳ ಕೈಗೆ ಕಣ್ಣಿಲ್ಲ, ನಾಲಿಗೆ ಮೊದಲೇ ಇಲ್ಲ" ಎಂದು ನಗಿಸುವರು. ನೀನು ಹೊಟ್ಟೆಯಲ್ಲಿ ಎಂಟು ತಿಂಗಳಿನವನಾಗಿದ್ದಾಗ ಒಂದು ದಿನ ಬೇಳೆಗೆ ಎರಡು ಸಲ ಉಪ್ಪು ಬಿತ್ತು. ಪಾತ್ರೆಯನ್ನು ನನ್ನ ಮುಂದಿಟ್ಟು, "ಮಾಡ್ದೋಳೇ ಮುಗಿಸ್ಲಿ" ಎಂದರು. ನಿಂತುಕೊಂಡೇ ಪಾತ್ರೆ ಪೂರ್ತಿ ಮುಗಿಸಿದೆ. ಅವರು ಎದುರು ಕೂತು ಪೇಪರು ಓದುತ್ತಿದ್ದರು, ನಡುನಡುವೆ ತಲೆಯೆತ್ತಿ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದರು. ಆಮೇಲೆ ಎರಡು ದಿನ ಕಾಲು ಬಾತು ಚಪ್ಪಲಿ ಹಿಡಿಸಲಿಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುವವರನ್ನು ಆ ದಿನ ನನ್ನ ಮುಂದೆ ನಿಲ್ಲಿಸಬೇಕಿತ್ತು.

ನಿನ್ನದೂ ಅದೇ ಕಥೆ. ಮೂರು ವರ್ಷದ ಹಿಂದೆ ನೀನು ಆ ಬಣ್ಣದ ನೀರಿನ ಶೀಶೆ ತಂದೆ, ಮಣ್ಣಿಗೆ ಬೆರೆಸಿದರೆ ಹುಳಿಯೋ ಸಿಹಿಯೋ ಬಣ್ಣ ಹೇಳುತ್ತದೆ ಎಂದೆ. ನಾಲ್ಕು ಜನ ಗಿರಾಕಿಗಳ ಮುಂದೆ ಅವರು ಶೀಶೆಯನ್ನು ಗೊಬ್ಬರದ ಗುಂಡಿಗೆ ಎಸೆದರು. "ನಿನ್ನ ನಾಲಿಗೆ ಚಪ್ಪಲಿ ಚರ್ಮ ಕಣೋ, ಅದಕ್ಕೇ ನಿನಗೆ ಶೀಶೆ ಬೇಕು. ನನ್ನ ನಾಲಿಗೆ ಇರೋವರೆಗೂ ಈ ಗೇಟಿನೊಳಗೆ ಕಾಲಿಡಬೇಡ" ಎಂದರು. ನೀನು ಹೆಂಡತಿ ಮಗುವನ್ನು ಕರೆದುಕೊಂಡು ಹೊರಟೆ. ಆ ದಿನ ನಾನು ಅಳುತ್ತಿದ್ದೆ, ಅದು ನಿನಗೆ ಕಂಡಿತು. ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಅದೂ ಕಂಡಿರಬೇಕು.

ಈಗ ಕೇಳು. ಕಳೆದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು, ಮೂಗು ಕಟ್ಟಿತು, ಹತ್ತು ದಿನ ಮಲಗಿದರು. ಎದ್ದ ಮೇಲಿನ ಮೊದಲ ಊಟದ ದಿನ ಗಡಿಬಿಡಿಯಲ್ಲಿ ಬೇಳೆಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಬಡಿಸಿದ ಮೇಲೆ ನೆನಪಾಯಿತು. ಸೌಟು ಹಿಡಿದು ತಟ್ಟೆ ತಳ್ಳುವುದನ್ನೇ ಕಾಯುತ್ತ ನಿಂತೆ. ಅವರು ಉಂಡರು. ಇನ್ನೊಂದು ಸಲ ಹಾಕಿಸಿಕೊಂಡರು. ಕೈ ತೊಳೆದು ಹೋದರು. ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಮಾರನೆಯ ದಿನ ಅವರು, "ನೀನೂ ಕೂತ್ಕೋ, ಒಟ್ಟಿಗೇ ಉಣ್ಣೋಣ" ಎಂದರು. ಮೂವತ್ತಾರು ವರ್ಷದಲ್ಲಿ ಒಂದು ದಿನ ಹೇಳದ ಮಾತು. ನಾನು ಮೂರ್ಖಳ ಹಾಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಕೂತೆ. ಜ್ವರ ಮನುಷ್ಯನನ್ನು ಮೆತ್ತಗೆ ಮಾಡಿದೆ, ಈ ವಯಸ್ಸಿಗಾದರೂ ನನಗೊಬ್ಬ ಗಂಡ ಸಿಕ್ಕಿದ ಎಂದುಕೊಂಡೆ. ಎರಡು ದಿನ ನಂಬಿದೆ, ಗುಂಡಾ. ಆ ಎರಡು ದಿನ ತಲೆಗೆ ಹೂವನ್ನೂ ಮುಡಿದೆ, ನಾಚಿಕೆಯಾಗುತ್ತದೆ ಹೇಳಲು. ಮೂರನೆಯ ದಿನ ಗಮನಿಸಿದೆ, ನಾನು ತುತ್ತು ಬಾಯಿಗಿಡುವವರೆಗೂ ಅವರು ತುತ್ತೆತ್ತುವುದಿಲ್ಲ. ನನ್ನ ಮುಖವನ್ನೇ ನೋಡುತ್ತಾರೆ. ನಾನು ಸುಮ್ಮನೆ ಉಂಡರೆ ಅವರೂ ಉಣ್ಣುತ್ತಾರೆ, ನಾನು ಮುಖ ಹಿಂಡಿದರೆ "ಏನಿದು ಇವತ್ತು ಹಿಂಗಿದೆ" ಎನ್ನುತ್ತಾರೆ. ನಾಲಿಗೆ ಸತ್ತಿತ್ತು. ನನ್ನ ಮುಖವನ್ನು ನಾಲಿಗೆ ಮಾಡಿಕೊಂಡು ಉಣ್ಣುತ್ತಿದ್ದರು, ಅಷ್ಟಕ್ಕೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದು.

ಅವತ್ತು ನನ್ನೊಳಗೆ ಏನೋ ಒಂದು ತಣ್ಣಗಾಯಿತು. ಮಾರನೆಯ ದಿನದಿಂದ ಅವರ ಪಾಲನ್ನು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟೆ. ಒಂದು ದಿನ ಉಪ್ಪೇ ಇಲ್ಲ. ಒಂದು ದಿನ ನಾಲ್ಕು ಪಟ್ಟು. ಒಂದು ದಿನ ನಿಂಬೆಹಣ್ಣು ಮೂರು ಹಿಂಡಿದೆ. ಪ್ರತಿ ಸಲವೂ ನನ್ನ ಪಾಲಿನ ತುತ್ತು ಬಾಯಿಗಿಟ್ಟು, ಚೆನ್ನಾಗಿದೆ ಎನ್ನುವ ಮುಖ ಮಾಡಿದೆ. ಅವರೂ ತಲೆಯಾಡಿಸಿ, "ಹೂಂ, ಇವತ್ತು ಪರವಾಗಿಲ್ಲ" ಎಂದರು. ಮೂವತ್ತಾರು ವರ್ಷದಲ್ಲಿ ನನಗೆ ಸಿಕ್ಕಿದ ಮೊದಲ ಮೆಚ್ಚುಗೆ ನಾಲ್ಕು ಪಟ್ಟು ಉಪ್ಪಿಗೆ. ಒಳಗೆ ಹೋಗಿ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆ. ಮೂರು ವಾರ ಕಳೆದು ಮಂಡಿನೋವಿಗೆಂದು ಡಾಕ್ಟರ ಹತ್ತಿರ ಹೋದಾಗ, ಜ್ವರದ ಮೇಲೆ ರುಚಿ, ವಾಸನೆ ಎರಡೂ ಹೋದರೆ ಏನು ಮಾಡಬೇಕು ಎಂದು ಯಾರದೋ ಮಾತೆಂಬಂತೆ ಕೇಳಿದೆ. "ಜ್ವರ ಬಂದು ಹೋದವರಿಗೆ ಆಗುತ್ತಮ್ಮ. ಬೆಳಿಗ್ಗೆ ಸಂಜೆ ಲವಂಗ, ನಿಂಬೆಸಿಪ್ಪೆ, ಹೀಗೆ ಘಾಟಾಗಿರೋದನ್ನ ಮೂಸ್ತಾ ಇರಬೇಕು. ಬೇಗ ಶುರು ಮಾಡಿದರೆ ಕೆಲವರಿಗೆ ಆರು ತಿಂಗಳಲ್ಲಿ ವಾಪಸ್ ಬರುತ್ತೆ" ಎಂದರು. ಚೀಟಿಯಲ್ಲಿ ಬರೆದೂ ಕೊಟ್ಟರು. ಮನೆಗೆ ಬಂದು ಆ ಚೀಟಿಯನ್ನು ಒಲೆಗೆ ಹಾಕಿದೆ. ಅವರು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಕೇಳಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು ನೋಡು.

ನರ್ಸರಿಯಲ್ಲಿ ಹೇಗೆ ನಡೆಸಿದರು ಎಂದು ಕೇಳುತ್ತೀಯಾ? ಬಲು ಜಾಣತನದಿಂದ. ಮಣ್ಣನ್ನು ಬಾಯಿಗಿಡುವ ಮೊದಲು ಸುತ್ತಲಿನ ಕಳೆ ನೋಡುವರು. ಪಾಚಿ ಇದ್ದರೆ, ಹುಳಿ ಸೊಪ್ಪು ಎದ್ದಿದ್ದರೆ ನೆಲ ಹುಳಿ ಎಂದೇ ಲೆಕ್ಕ. ಪೊಟ್ಟಣದಲ್ಲಿ ತಂದವರಿಗೆ "ನಡು ಹುಳಿ" ಎಂದುಬಿಡುವರು. ಈ ಸೀಮೆಯಲ್ಲಿ ಹತ್ತರಲ್ಲಿ ಎಂಟು ನೆಲ ನಡು ಹುಳಿಯೇ. ಒಂದೆರಡು ತಪ್ಪಿದರೆ ಮಳೆಯನ್ನು ಬೈದರಾಯಿತು. ಹೀಗೆ ಎರಡು ತಿಂಗಳು ದೂಡಿದರು.

ಅಷ್ಟರಲ್ಲಿ ಹೊಸ ಆಸ್ಪತ್ರೆಯ ಕೆಲಸ ಬಂತು. ಕಟ್ಟಡದ ಮುಂದೆ ಅರವತ್ತು ಪಾತಿ, ಮುನ್ನೂರು ಹೈಡ್ರಾಂಜಿಯಾ, ನೀಲಿ ಹೂವೇ ಆಗಬೇಕು, ರೋಗಿಗಳು ಕಿಟಕಿಯಿಂದ ನೋಡಬೇಕು. ಆ ನೀಲಿಗೆ ನೆಲದಲ್ಲಿ ಹದವಾದ ಹುಳಿ ಇರಲೇಬೇಕು, ತೀರ ಕಡುವಾದರೆ ಮಾತ್ರ ಸುಣ್ಣ. ಮೇಟ್ರನ್ ಅಮ್ಮನವರು ಕಟ್ಟುನಿಟ್ಟಿನ ಹೆಂಗಸು, "ಮಣ್ಣು ಡಾಕ್ಟರೇ ಬಂದು ನೋಡಲಿ" ಎಂದು ಹೇಳಿ ಕಳಿಸಿದರು. ಗಿಡ ಚೆನ್ನಾಗಿ ಬಂದರೆ ಮುಂದೆಯೂ ತೋಟ ನಮ್ಮ ಕೈಯಲ್ಲೇ. ನಾನು ಎಂದಿನಂತೆ ಚೊಂಬು ಹಿಡಿದು ಹೋದೆ. ನೆಲವನ್ನು ಯಂತ್ರದಿಂದ ಕೆರೆದು ಬೋಳು ಮಾಡಿದ್ದರು, ಹೇಳಿಕೊಳ್ಳಲು ಒಂದು ಕಳೆ ಇರಲಿಲ್ಲ. ಅವರು ಆ ಕಡೆ ಈ ಕಡೆ ಹುಡುಕುವುದು ನನಗೆ ಕಂಡಿತು. ನನಗೆ ಇನ್ನೊಂದೂ ಕಂಡಿತು. ಮರಳಿನಲ್ಲಿ ಬಿಳಿ ಚೂರುಗಳು. ಗಾರೆ ಕಲಸಿದ ಜಾಗ ಅದು, ಕಟ್ಟಡದ ಸುಣ್ಣ ಸಿಮೆಂಟೆಲ್ಲ ಅಲ್ಲೇ ಇಳಿದಿತ್ತು. ಚೊಂಬು ಇಡುವ ನೆಪದಲ್ಲಿ ಬಗ್ಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ನನಗೆ ಮಣ್ಣು ತಿಂದು ಗೊತ್ತಿಲ್ಲವೆಂದಲ್ಲ. ನೀನು ಹೊಟ್ಟೆಯಲ್ಲಿದ್ದಾಗ ಬಯಕೆಯಾಗಿ ಈ ಚಪ್ಪರದ ಮಣ್ಣನ್ನೂ ಸ್ಲೇಟಿನ ಬಳಪವನ್ನೂ ಕದ್ದು ತಿಂದವಳು ನಾನು. ಇದು ಬಳಪ. ಹುಳಿಯ ಸುಳಿವಿಲ್ಲ, ನಾಲಿಗೆಗೆ ಅಂಟಿಕೊಂಡಿತು. ಈ ನೆಲಕ್ಕೆ ಇನ್ನೊಂದು ಬೊಗಸೆ ಸುಣ್ಣ ಬಿದ್ದರೆ ಹೈಡ್ರಾಂಜಿಯಾ ಸಾಯುತ್ತದೆ ಎಂದು ನನಗೆ ಗೊತ್ತಾಯಿತು.

ಅವರು ಚಿಟಿಕೆ ಎತ್ತಿದರು, ನಾಲಿಗೆಗೆ ಇಟ್ಟರು, ಕಣ್ಣು ಮುಚ್ಚಿದರು. ಮೇಟ್ರನ್, ಇಬ್ಬರು ನರ್ಸುಗಳು, ಗುದ್ದಲಿ ಹಿಡಿದ ಕೆಲಸದವರು, ಎಲ್ಲರೂ ಸುತ್ತ ನಿಂತಿದ್ದರು. ಅವರು ಉಗುಳಿ, "ಕಡು ಹುಳಿ" ಎಂದರು. "ಪಾತಿಗೆ ನಾಲ್ಕು ಬೊಗಸೆ" ಎಂದರು. ಎಂದು ನನ್ನ ಮುಖ ನೋಡಿದರು, ಊಟಕ್ಕೆ ಕೂತಾಗ ನೋಡುತ್ತಾರಲ್ಲ, ಹಾಗೆ. ಒಂದು ಕ್ಷಣ. ನಾನು ಹುಬ್ಬು ಗಂಟಿಕ್ಕಿದ್ದರೆ ಸಾಕಿತ್ತು, ಅವರು ಇನ್ನೊಂದು ಚಿಟಿಕೆ ತೆಗೆದುಕೊಂಡು ಮಾತು ತಿರುಗಿಸುತ್ತಿದ್ದರು, ಅಷ್ಟು ಚಾಲಾಕಿ ಅವರಿಗಿದೆ. ನಾನು ಬೇಳೆ ಚೆನ್ನಾಗಿದೆ ಎನ್ನುವ ಮುಖ ಮಾಡಿದೆ. ಮೆಲ್ಲಗೆ ತಲೆಯನ್ನೂ ಆಡಿಸಿದೆ. ಅವರಿಗೆ ಎದೆ ಹಗುರವಾದದ್ದು ನನಗೆ ಕಂಡಿತು. ಧೈರ್ಯ ಬಂದು, "ನಾಲ್ಕಲ್ಲ, ಐದು ಹಾಕಿ, ಕಡು ಹುಳಿ ಅಂದ್ರೆ ಕಡು ಹುಳಿ" ಎಂದರು. ನಾನು ಚೊಂಬು ಕೊಟ್ಟೆ.

ಐದು ವಾರಕ್ಕೆ ಮುನ್ನೂರು ಗಿಡವೂ ಹಳದಿ. ಎಂಟು ವಾರಕ್ಕೆ ಎಲೆಯ ಅಂಚು ಕರಕಲು. ರೋಗಿಗಳು ಕಿಟಕಿಯಿಂದ ನೋಡಿ ನಮಗಿಂತ ಮೊದಲು ಗಿಡಗಳೇ ಹೊರಟವಲ್ಲ ಎಂದು ನಗಾಡುತ್ತಿದ್ದರಂತೆ. ಮೇಟ್ರನ್ ಮಣ್ಣು ಪರೀಕ್ಷೆಯ ಕಚೇರಿಯಿಂದ ಒಬ್ಬನನ್ನು ಕರೆಸಿದರು, ಅವನು ಕಡ್ಡಿಯಂಥ ಯಂತ್ರ ಚುಚ್ಚಿ ನೋಡಿ, "ಯಾರ್ರೀ ಇದಕ್ಕೆ ಸುಣ್ಣ ಹಾಕಿಸಿದ್ದು" ಎಂದ. ನಮ್ಮನ್ನು ಕರೆಸಿದರು. ನಿನ್ನ ಅಪ್ಪ ಆಸ್ಪತ್ರೆಯ ಜಗುಲಿಯಲ್ಲಿ ನಿಂತು, ಯಂತ್ರ ಸುಳ್ಳು ಹೇಳುತ್ತೆ ನನ್ನ ನಾಲಿಗೆ ಹೇಳಲ್ಲ ಎಂದು ಕೂಗಾಡಿದರು. ಕಚೇರಿಯವನು ಒಳ್ಳೆಯ ಮಾತಿನಲ್ಲೇ, "ಹಾಗಾದ್ರೆ ಒಂದು ಸಣ್ಣ ಪರೀಕ್ಷೆ ಮಾಡೋಣ ಯಜಮಾನ್ರೇ" ಎಂದ. ಆಸ್ಪತ್ರೆಯ ಅಡುಗೆಮನೆಯಿಂದ ಎರಡು ಲೋಟ ತರಿಸಿದ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಎರಡು ಚಮಚ ಉಪ್ಪು ಕದಡಿದ ನೀರು. ನರ್ಸುಗಳು, ಕೆಲಸದವರು, ಗಾಲಿಕುರ್ಚಿಯ ರೋಗಿಗಳು ಎಲ್ಲ ಸೇರಿದರು. ಅವರು ಎರಡೂ ಲೋಟದಿಂದ ಕುಡಿದರು. ನನ್ನ ಕಡೆ ತಿರುಗಿದರು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಅವರು ನೋಡುತ್ತಲೇ ಇದ್ದಾರೆ ಎಂದು ಗೊತ್ತಾಗುತ್ತಿತ್ತು, ಹನ್ನೊಂದು ಇಪ್ಪತ್ತು ಆಗಿತ್ತು, ಇಪ್ಪತ್ತೊಂದಾಯಿತು, ನಾನು ಗಡಿಯಾರವನ್ನು ಬಿಡಲಿಲ್ಲ. ಕೊನೆಗೆ ಬರೀ ನೀರಿನ ಲೋಟ ಎತ್ತಿ ತೋರಿಸಿ, "ಇದು. ಉಪ್ಪು ಸ್ವಲ್ಪ ಜಾಸ್ತಿನೇ ಆಗಿದೆ" ಎಂದರು.

ಮೊದಲು ಯಾರೂ ನಗಲಿಲ್ಲ. ಆಮೇಲೆ ಗಾಲಿಕುರ್ಚಿಯ ಒಬ್ಬ ಮುದುಕ ಕಿಸಕ್ಕೆಂದ, ಅದಾದ ಮೇಲೆ ತಡೆಯಲು ಯಾರ ಕೈಯಲ್ಲೂ ಆಗಲಿಲ್ಲ. ಮೇಟ್ರನ್ ಸಹ ಬಾಯಿಗೆ ಕೈ ಅಡ್ಡ ಹಿಡಿದರು. ನಿನ್ನ ಅಪ್ಪ ಲೋಟವನ್ನು ಹಿಡಿದುಕೊಂಡೇ ನಿಂತಿದ್ದರು, ಎಲ್ಲಿಡುವುದು ಎಂದು ತಿಳಿಯದವರ ಹಾಗೆ. ಆಗ ನಾನು ಮುಂದೆ ಹೋಗಿ ಮೇಟ್ರನ್‌ಗೆ ಹೇಳಿದೆ, ಗಾರೆ ಬಿದ್ದ ಮೇಲ್ಮಣ್ಣನ್ನು ಒಂದೂವರೆ ಅಡಿ ತೆಗೆಸಿ, ಕೊಳೆತ ಎಲೆ ಮತ್ತು ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ, ಗಿಡ ನಾನು ಮತ್ತೆ ಕೊಡುತ್ತೇನೆ, ನಾನೇ ನಿಂತು ನೆಡಿಸುತ್ತೇನೆ ಎಂದು. "ನಿಮಗೆ ಇದೆಲ್ಲ ಗೊತ್ತಾ?" ಎಂದರು. "ಇವರ ಹಿಂದೆ ನಡೆದು ಕಲಿತಿದ್ದು" ಎಂದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಆ ದಿನ ಆಯಿತು. ಈಗ ಆ ಗಿಡಗಳು ಮೊಣಕಾಲುದ್ದ ಬಂದಿವೆ, ಹೋದ ವಾರ ಮೊದಲ ನೀಲಿ ಗೊಂಚಲು ಬಿಟ್ಟಿದೆ.

ಅಂದಿನಿಂದ ಜನ ಪೊಟ್ಟಣ ತಂದು ನನ್ನ ಮೇಜಿನ ಮೇಲೆ ಇಡುತ್ತಾರೆ. ಮೂವತ್ತಾರು ವರ್ಷ ಪ್ರತಿ ತುತ್ತನ್ನೂ ಹೆದರಿ ಹೆದರಿ ರುಚಿ ನೋಡಿದವಳ ನಾಲಿಗೆ ಇದು, ಇದಕ್ಕೆ ಹುಳಿಯಲ್ಲಿ ಮೂರಲ್ಲ, ಐದು ಬಗೆ ಸಿಗುತ್ತದೆ. ಹಳೆಯ ಬೋರ್ಡು ಇಳಿಸಿದ್ದೇನೆ, ಸಸಿ ತಟ್ಟೆಗಳಿಗೆ ಒಳ್ಳೆಯ ಹಲಗೆಯಾಯಿತು. ನಿನ್ನ ಅಪ್ಪ ಮೂಲೆಯಲ್ಲಿ ಕೂತು ಸಸಿ ಚೀಲಗಳಿಗೆ ಮರಳು ತುಂಬುತ್ತಾರೆ. ಒಂದು ಚೀಲ ಸಡಿಲವಾದರೆ ನಾನು ಎರಡು ಬೆರಳಿನಲ್ಲಿ ಪಕ್ಕಕ್ಕೆ ತಳ್ಳುತ್ತೇನೆ. ಏನು ತಪ್ಪಾಗಿದೆ ಎಂದು ಅವರೇ ಹೇಳಬೇಕು. ಹೇಳುತ್ತಾರೆ. ಮೊನ್ನೆ ಸಂಜೆ ಗೊಬ್ಬರದ ಗುಂಡಿಯ ಹಿಂದೆ ಹೋದಾಗ ನೋಡಿದೆ, ನಿಂಬೆ ಎಲೆಯನ್ನು ಅಂಗೈಯಲ್ಲಿ ಹೊಸಕಿ ಮೂಸುತ್ತಿದ್ದರು, ಮತ್ತೆ ಮತ್ತೆ, ಕಣ್ಣು ಮುಚ್ಚಿಕೊಂಡು. ಯಾರೂ ಹೇಳಿಕೊಡದೆ ತಾವೇ ಕಂಡುಕೊಂಡಿದ್ದಾರೆ. ನನ್ನನ್ನು ಕಂಡು ಎಲೆ ಬಿಸಾಡಿದರು. ಪಾಪ ಎನ್ನಿಸಿತು ಗುಂಡಾ, ಎನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೋಗಿ ಪಕ್ಕದಲ್ಲಿ ಕೂರೋಣ ಎನ್ನಿಸಿತು. ಡಾಕ್ಟರು ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಮಾರನೆಯ ದಿನ ಆ ನಿಂಬೆಗಿಡವನ್ನು ಒಬ್ಬ ಗಿರಾಕಿಗೆ ಕೊಟ್ಟೆ.

ನಿನ್ನ ಎರಡನೆಯ ಪ್ರಶ್ನೆ. ಅಪ್ಪನ ಸಿಟ್ಟು ಇಳಿದಿದೆ, ಇಳಿಯಲು ಇನ್ನೇನೂ ಉಳಿದಿಲ್ಲ. ನಿನ್ನ ಕಾಗದ ಬಂದ ಎರಡು ದಿನಕ್ಕೆ ಅವರೇ ಬಾಯಿಬಿಟ್ಟರು. "ಅವನಿಗೆ ಬರಿ. ಬಾ ಅಂತ ಬರಿ. ನರ್ಸರಿ ಅವನದೇ. ಆ ಶೀಶೆನೂ ತರ್ಲಿ, ನಾನೇನೂ ಅನ್ನಲ್ಲ" ಎಂದರು. ಅಷ್ಟು ಹೇಳಿ ಎದ್ದು ಹೋಗಿ ಮೋಟಾರು ಹಾಕಿದರು, ತೊಟ್ಟಿ ತುಂಬಿ ಹರಿಯುತ್ತಿದ್ದರೂ ಹಾಕಿದರು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದೇನೆ.

ಮೈ ಕಡೆ ಗಮನವಿರಲಿ. ಬಿಸಿಲಿಗೆ ಟೋಪಿ ಹಾಕಿಕೋ. ಸೊಸೆಗೆ ನನ್ನ ನೆನಪು ಹೇಳು, ಅವಳು ಬಡಿಸಿದ್ದನ್ನು ಚೆನ್ನಾಗಿದೆ ಎಂದು ಒಮ್ಮೆಯಾದರೂ ಬಾಯಿಬಿಟ್ಟು ಹೇಳು, ಗಂಟೇನೂ ಹೋಗುವುದಿಲ್ಲ. ಮರಿಗೆ ಎರಡು ಕೆನ್ನೆಗೂ ಒಂದೊಂದು ಮುತ್ತು. ನೀವು ಮೂವರೂ ಎಲ್ಲಿದ್ದರೂ ತಣ್ಣಗಿರಿ, ನಿಮ್ಮ ಮನೆಯ ಒಲೆ ಆರದಿರಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಅವರು ಚೀಲ ತುಂಬುವುದು ಮುಗಿಸಿ ಏಳುತ್ತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಬರಬೇಡ. ಅಪ್ಪ ಬಾ ಎಂದದ್ದು ನಿಜ, ಬೇಡ ಎನ್ನುತ್ತಿರುವುದು ನಾನು. ನೀನು ಕೆಟ್ಟವನಲ್ಲ ಗುಂಡಾ, ನಿನ್ನನ್ನು ನೋಡದೆ ಕಣ್ಣು ಸೋತಿದೆ. ಆದರೆ ನೀನು ಗೇಟಿನೊಳಗೆ ಕಾಲಿಟ್ಟ ದಿನವೇ ಜನ ಪೊಟ್ಟಣವನ್ನು ನಿನ್ನ ಕೈಗೆ ಕೊಡುತ್ತಾರೆ, ನನ್ನನ್ನು ಕಾಫಿ ಮಾಡಲು ಒಳಗೆ ಕಳಿಸುತ್ತಾರೆ, ನೀನೂ ತಡೆಯುವುದಿಲ್ಲ, ತಡೆಯಬೇಕೆಂದು ನಿನಗೆ ಹೊಳೆಯುವುದೂ ಇಲ್ಲ. ಈ ಮೇಜನ್ನು ನಾನು ಯಾರಿಗೂ ಬಿಡಲಾರೆ, ಹೆತ್ತ ಮಗನಿಗೂ. ಕೆಲಸ ಬಿಡಬೇಡ, ಮನೆ ಖಾಲಿ ಮಾಡಬೇಡ. ಅಪ್ಪನಿಗೆ ಹತ್ತು ದಿನದ ಹಿಂದೆಯೇ, ನೀವು ಹೇಳಿದ ಹಾಗೆ ಬರೆದೆ ಎಂದೆ. ನಿನ್ನೆ, ಉತ್ತರ ಬಂತು, ಅವನು ಬರುವುದಿಲ್ಲವಂತೆ ಎಂದೆ. "ಅವನೇ ಹಾಗೆ ಬರೆದಿದ್ದಾನಾ?" ಎಂದು ಎರಡು ಸಲ ಕೇಳಿದರು. ಹೌದು ಎಂದೆ. ಅವರಾಗಿ ನಿನಗೆ ಫೋನು ಮಾಡುವವರಲ್ಲ. ನೀನೂ ಮಾಡಬೇಡ. ಈ ಕಾಗದಕ್ಕೆ ಉತ್ತರ ಬರೆಯಬೇಡ, ಬರೆದರೂ ಅಂಚೆಯವನು ಅದನ್ನು ತಂದುಕೊಡುವುದು ನನ್ನ ಕೈಗೇ.